ಉಪ್ಪಿನವನ ಬಾವಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ತಾತನ ತಮ್ಮ ಇನ್ನಾಸಪ್ಪನವರು. ಅವರು ಕಲ್ಲುಚಪ್ಪಡಿ ಸಾಗಿಸುವ ಗಾಡಿ ಹೊಡೆಯುತ್ತಿದ್ದರು. ಓದು ಬರಹ ಬಾರದು, ಆದರೆ ಜಪಸರದಲ್ಲಿ ಒಂದು ಮಣಿ ತಪ್ಪಿದವರಲ್ಲ. ಒಂದು ಶುಭ ಶುಕ್ರವಾರದ ಮಧ್ಯಾಹ್ನ ಗುಡಿಯ ಜಗಲಿಯ ಮೇಲೆ ನಾವು ನಾಲ್ಕೈದು ಮಂದಿ ಕುಳಿತು, ಯಾರು ಎಷ್ಟು ಹೊತ್ತಿನಿಂದ ಏನೂ ತಿಂದಿಲ್ಲ, ಯಾರ ನಾಲಿಗೆ ಎಷ್ಟು ಒಣಗಿದೆ ಎಂದು ಒಬ್ಬರಿಗಿಂತ ಒಬ್ಬರು ಹೆಚ್ಚಾಗಿ ಹೇಳಿಕೊಳ್ಳುತ್ತಿದ್ದೆವು. ಇನ್ನಾಸಪ್ಪನವರು ಸ್ವಲ್ಪ ಹೊತ್ತು ಕೇಳಿ, "ಉಪವಾಸ ಮಾಡ್ತಿದ್ದೀರೋ, ಕುಸ್ತಿ ಆಡ್ತಿದ್ದೀರೋ?" ಎಂದರು. ಆಮೇಲೆ ಅವರು ಎದುರಿಗಿದ್ದ ಬಾವಿಯ ಕಡೆಗೆ ಗಲ್ಲ ಎತ್ತಿ ತೋರಿಸಿ, ಈ ಊರಿನವರ ಭಕ್ತಿ ಎಂಥದ್ದು ಎಂದು ಆ ಬಾವಿಯನ್ನು ಕೇಳಿ ಎಂದು ಹೇಳಿ ಕತೆ ಶುರುಮಾಡಿದರು.

ನಮ್ಮ ಊರು ಕಾರೆಪಾಳ್ಯ. ಸುತ್ತ ಬೋಳು ಬಂಡೆ, ಬಂಡೆಯ ಸಂದಿಯಲ್ಲೆಲ್ಲ ಕಾರೆ ಮುಳ್ಳಿನ ಪೊದೆ. ಘಟ್ಟದಿಂದ ಇಳಿದು ಬರುವ ಹಳೆಯ ದಾರಿ ಊರಿನ ನಡುವೆ ಹಾದುಹೋಗುತ್ತದೆ. ದಾರಿಯ ಒಂದು ಪಕ್ಕಕ್ಕೆ ಗುಡಿ ಇದೆ. ನಮ್ಮವರು ಇಗರ್ಜಿಯನ್ನು ಗುಡಿ ಎಂದೇ ಕರೆಯುತ್ತ ಬಂದಿದ್ದಾರೆ. ಇನ್ನೊಂದು ಪಕ್ಕಕ್ಕೆ ಬಂಡೆ ಒಡೆದು ತೋಡಿದ ಬಾವಿ. ಈಗ ಊರಿಗೆ ನಲ್ಲಿ ಬಂದಿದೆ. ಆದರೂ ಬೇಳೆ ಬೇಯಿಸಲು ಹೆಂಗಸರು ಈ ಬಾವಿಯ ನೀರನ್ನೇ ತರುತ್ತಾರೆ, ಅಷ್ಟು ಸಿಹಿ ನೀರು. ಹೊಸದಾಗಿ ಬಂದವರು ಹೆಸರು ಕೇಳಿ ಮೂಗು ಮುರಿಯುತ್ತಾರೆ. "ಉಪ್ಪಿನವನ ಬಾವಿಯಂತೆ, ನೀರು ಸಪ್ಪೆಯೋ ಉಪ್ಪೋ?" ಎಂದು ಬೆರಳ ತುದಿಯಿಂದ ನೆಕ್ಕಿ ನೋಡುತ್ತಾರೆ. ನೆಕ್ಕಿದ ಮೇಲೆ ಇನ್ನಷ್ಟು ಗೊಂದಲ. ಇಷ್ಟು ಸಿಹಿಯಾದ ಬಾವಿಗೆ, ಅದೂ ಕ್ರೈಸ್ತರ ಗುಡಿಯ ಎದುರಿನ ಬಾವಿಗೆ, ಒಬ್ಬ ಸಂತರ ಹೆಸರೂ ಸಿಗಲಿಲ್ಲವೇ ಎಂದು ಕೇಳುತ್ತಾರೆ. ಸಂತರ ಹೆಸರಿಗೇನು ಬರವಿರಲಿಲ್ಲ. ಅದಕ್ಕಿಂತ ದೊಡ್ಡ ಹೆಸರನ್ನೇ ಇಡಲು ಊರಿಗೆ ಊರೇ ತುದಿಗಾಲಿನಲ್ಲಿ ನಿಂತಿತ್ತು. ಒಬ್ಬ ಮುದುಕಿ ಅಡ್ಡ ಬಂದಳು.

ಹಿಂದೆ ಒಮ್ಮೆ, ನಮ್ಮ ತಾತನ ತಾತನ ಕಾಲಕ್ಕೂ ಹಿಂದೆ, ಈ ಊರಿನಲ್ಲಿ ನಲವತ್ತು ಒಕ್ಕಲು ಇದ್ದವಂತೆ. ಗುರುಗಳು ವರ್ಷಕ್ಕೆ ಮೂರು ನಾಲ್ಕು ಸಲ ಕುದುರೆ ಏರಿ ಬಂದು ಪೂಜೆ ಕೊಟ್ಟು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ದೇವರನ್ನು ನೋಡಿಕೊಳ್ಳುವವರು ಇಬ್ಬರು: ಊರಿನ ಯಜಮಾನ ಯಾಗಪ್ಪ, ಮತ್ತು ಪ್ರಾರ್ಥನೆ ಹೇಳಿಸುವ ಉಪದೇಶಿ ಸಂತಿಯಪ್ಪ. ಯಾಗಪ್ಪನ ಭಕ್ತಿ ಎತ್ತರದ್ದು. ಎಲ್ಲರಿಗೂ ಕಾಣುವಷ್ಟು ಎತ್ತರದ್ದು. ಆರು ಮೈಲಿ ಆಚೆಯ ತೊರೆಪಾಳ್ಯದಲ್ಲಿಯೂ ನಮ್ಮವರೇ ಇದ್ದರು. ಅವರು ಶುಭ ಶುಕ್ರವಾರ ಒಂದೇ ಹೊತ್ತು ಗಂಜಿ ಕುಡಿದು ಉಪವಾಸ ಮಾಡುತ್ತಾರೆಂದು ಕೇಳಿದಾಗ ಯಾಗಪ್ಪ ನಮ್ಮೂರಿನಲ್ಲಿ ಗಂಜಿಯನ್ನೂ ನಿಲ್ಲಿಸಿದ. ಮರುವರ್ಷ ತೊರೆಪಾಳ್ಯದವರೂ ಗಂಜಿ ಬಿಟ್ಟರಂತೆ. ಆಗ ಯಾಗಪ್ಪನಿಗೆ ನಿದ್ದೆ ಬರಲಿಲ್ಲ. ಸ್ವಾಮಿ ಶಿಲುಬೆಯ ಮೇಲೆ ಬಾಯಾರಿದ ದಿನ ನಾವು ನೀರು ಕುಡಿಯುವುದು ಸರಿಯೇ ಎಂದು ಅವನಿಗೆ ಹೊಳೆಯಿತು. ಇದು ಸ್ವಾಮಿಯ ಬಾಯಾರಿಕೆಯನ್ನು ನೆನೆದು ಹೊಳೆದದ್ದೋ, ತೊರೆಪಾಳ್ಯವನ್ನು ನೆನೆದು ಹೊಳೆದದ್ದೋ ಎಂದು ಇನ್ನಾಸಪ್ಪನವರು ನಮ್ಮನ್ನೇ ಕೇಳಿದರು.

ಅಂದಿನಿಂದ ಕಟ್ಟಳೆಯಾಯಿತು. ಪವಿತ್ರ ಗುರುವಾರ ಸಂಜೆ ಗುಡಿಯ ಗಂಟೆ ಮೌನವಾದೊಡನೆ ಪ್ರತಿ ಮನೆಯಲ್ಲಿಯೂ ನೀರಿನ ಮಡಕೆಗಳನ್ನು ಬರಿದು ಮಾಡಿ ಮಗುಚಿಡಬೇಕು. ಬಾವಿಯ ಹಗ್ಗವನ್ನು ಬಿಚ್ಚಿ ಸುರುಳಿ ಸುತ್ತಿ ಶಿಲುಬೆಯ ಬುಡದಲ್ಲಿಡಬೇಕು. ಬಾವಿಯ ಬಾಯಿಗೆ ಕಾರೆ ಮುಳ್ಳು ಮುಚ್ಚಬೇಕು. ಶನಿವಾರ ಗಂಟೆ ಮತ್ತೆ ಮೊಳಗುವ ತನಕ ಊರಿನಲ್ಲಿ ಒಂದು ಹನಿ ನೀರು ಇರಬಾರದು. ಹಾಲೂಡಿಸುವ ತಾಯಂದಿರು ಏನು ಮಾಡಬೇಕು ಎಂದು ಯಾರೋ ಕೇಳಿದರಂತೆ. "ಸಹಿಸಿಕೊಳ್ಳಬೇಕು" ಎಂದು ಉಪದೇಶಿ ಹೇಳಿದನಂತೆ. ದನಗಳೂ ಸಹಿಸಿಕೊಂಡವು. ಯಜಮಾನನ ಮನೆಯ ಅಟ್ಟದ ಮೇಲೆ ಮಾತ್ರ ಎಂಟು ಹತ್ತು ಎಳನೀರು ಇರುತ್ತಿದ್ದವು ಎನ್ನುತ್ತಾರೆ. ಎಳನೀರು ಕಾಯಿಯೇ ಹೊರತು ನೀರಲ್ಲ ಎಂಬುದು ಅವನ ತೀರ್ಮಾನ. ಹೀಗೆ ಸ್ವಾಮಿಯ ಬಾಯಾರಿಕೆಗೆ ಗೌರವ ತೋರಿಸಲು ಬಾವಿಯನ್ನೇ ಮುಚ್ಚಿಬಿಡುವ ಬುದ್ಧಿವಂತರು ಭೂಮಿಯ ಮೇಲೆ ಬೇರೆಲ್ಲಾದರೂ ಇದ್ದರೋ ಇಲ್ಲವೋ ನನಗೆ ತಿಳಿಯದು. ನಮ್ಮಲ್ಲಿ ನಲವತ್ತು ಮನೆ ತುಂಬ ಇದ್ದರು.

ಈ ಬಾವಿಗೆ ಹಗ್ಗ ಹೊಸೆಯುತ್ತಿದ್ದವಳು ಆಗತಮ್ಮ ಎಂಬ ವಿಧವೆ. ಕತ್ತಾಳೆಯ ಪಟ್ಟೆ ಕೊಳೆಹಾಕಿ, ಬಡಿದು, ನಾರು ತೆಗೆದು ಹಗ್ಗ ಮಾಡುವುದು ಅವಳ ಕಸುಬು. ಮಕ್ಕಳಿರಲಿಲ್ಲ. ಗಂಡ ಗುಡಿಯ ಹಿಂದಿನ ಸಮಾಧಿ ತೋಟದಲ್ಲಿ ಮಲಗಿದ್ದ. ಅವನ ಪಕ್ಕದ ಜಾಗ ತನ್ನದೆಂದು ಅಲ್ಲೊಂದು ತಂಗಡಿ ಗಿಡ ನೆಟ್ಟಿದ್ದಳು. ಮಾತು ಸ್ವಲ್ಪ ಚುರುಕು. ಗುಡಿಯಲ್ಲಿ ಅವಳು ಕೂರುತ್ತಿದ್ದದ್ದು ಎಲ್ಲರಿಗಿಂತ ಹಿಂದೆ, ಬಾಗಿಲ ಬಳಿ. ನಾರಿನ ವಾಸನೆ ಬರುತ್ತದೆಂದು ಮುಂದಿನವರು ದೂರಿದ್ದರಿಂದ ಹಾಗೆ ಕುಳಿತದ್ದು, ಆಮೇಲೆ ಗಾಳಿ ಬರುತ್ತದೆಂದು ಅವಳಿಗೂ ಅಲ್ಲೇ ಹಿತವಾಯಿತು.

ಆ ವರ್ಷ ಶುಭ ಶುಕ್ರವಾರ ಬೇಸಿಗೆಯ ನಡುಮಧ್ಯಕ್ಕೆ ಬಿದ್ದಿತ್ತು. ಬಂಡೆಗಳಿಂದ ಕಾವು ಏಳುತ್ತಿತ್ತು. ಮಧ್ಯಾಹ್ನ ಊರೆಲ್ಲ ಗುಡಿಯ ಅಂಗಳದಲ್ಲಿ ಸೇರಿತ್ತು. ಮರದ ಕ್ರಿಸ್ತಸ್ವರೂಪವನ್ನು ಎತ್ತರದ ಶಿಲುಬೆಗೇರಿಸಿ ನಿಲ್ಲಿಸಿದ್ದರು. ಉಪದೇಶಿ ಸ್ವಾಮಿ ಪಟ್ಟ ಪಾಡುಗಳ ಕತೆಯನ್ನು ರಾಗವಾಗಿ ಓದುತ್ತಿದ್ದ. ಸ್ವಾಮಿ ಬಾಯಾರಿಕೆ ಎಂದ ಮಾತು ಬಂದೊಡನೆ, ಉದ್ದನೆಯ ಜೊಂಡಿನ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಬೇವಿನ ರಸದಲ್ಲಿ ಅದ್ದಿ, ಆ ಮರದ ತುಟಿಗೆ ಮುಟ್ಟಿಸುವ ಹಕ್ಕು ಯಜಮಾನನ ಮನೆಯದು. ಆ ಹೊತ್ತಿಗೆ ಹೆಂಗಸರು ಎದೆ ಬಡಿದುಕೊಂಡು ಅಳಬೇಕು. ಅಂದೂ ಅತ್ತರು. ಯಾಗಪ್ಪ ಕಣ್ಣೀರು ಸುರಿಸುತ್ತ ಕಡ್ಡಿಯನ್ನು ಮೇಲೆತ್ತಿ ಹಿಡಿದಿದ್ದ. ಸರಿಯಾಗಿ ಆಗಲೇ ಅಂಗಳದ ಬಾಗಿಲಲ್ಲಿ ಒಬ್ಬ ಮನುಷ್ಯ ನಾಲ್ಕು ಕತ್ತೆಗಳೊಂದಿಗೆ ಬಂದು ನಿಂತ. ಕತ್ತೆಗಳ ಬೆನ್ನ ಮೇಲೆ ಉಪ್ಪಿನ ಗೋಣಿಗಳು. ಅವನ ತುಟಿ ಬಿರಿದು ರಕ್ತ ಒಣಗಿತ್ತು.

"ಯಾರಾದ್ರೂ ಒಂದು ಚೆಂಬು ನೀರು ಕೊಡ್ರಪ್ಪಾ" ಎಂದ. ಗಂಟಲಿನಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

ಯಾಗಪ್ಪ ಕಡ್ಡಿಯನ್ನು ಇಳಿಸದೆ ತಿರುಗಿ ನೋಡಿದ. "ಈವತ್ತು ನಮ್ಮೂರಲ್ಲಿ ನೀರಿಲ್ಲ. ನಾಳೆ ಗಂಟೆ ಹೊಡೆದ ಮೇಲೆ ಬಾ."

"ನಾಳೆವರ್ಗೂ ನಾನಿರಬೇಕಲ್ಲ, ಯಜಮಾನ್ರೇ."

"ಇದ್ರೆ ಕುಡೀತೀಯ, ಇಲ್ದಿದ್ರೆ ನಿಂಗ್ಯಾಕೆ ನೀರು?" ಎಂದ ಗುಂಪಿನಲ್ಲಿದ್ದವನೊಬ್ಬ. ಅಳುತ್ತಿದ್ದವರಲ್ಲಿ ಕೆಲವರು ಅಳು ನಿಲ್ಲಿಸಿ ನಕ್ಕು, ಮತ್ತೆ ಅಳತೊಡಗಿದರಂತೆ. ಉಪದೇಶಿ ಸಂತಿಯಪ್ಪ ಮಾತ್ರ ನಗದೆ ಪುಸ್ತಕದ ನಡುವೆ ಬೆರಳಿಟ್ಟು, "ಅಯ್ಯಾ, ಈವತ್ತು ನಮ್ಮ ದೇವರಿಗೇ ನೀರಿಲ್ಲ. ನಿನಗೆಲ್ಲಿಂದ ತರೋಣ?" ಎಂದ. ಎಂಥ ಮಾತು ಎಂದು ಜನ ತಲೆದೂಗಿದರು. ಆ ಮಾತನ್ನು ಬಹಳ ದಿನ ಊರಿನಲ್ಲಿ ಹೇಳಿಕೊಂಡು ಮೆಚ್ಚುತ್ತಿದ್ದರಂತೆ.

ಹಿಂದೆ ಕುಳಿತಿದ್ದ ಆಗತಮ್ಮ ಎದ್ದು ನಿಂತಳು. "ಬಾವೀಲಿ ನೀರಿದೆಯಲ್ಲ?" ಎಂದಳು.

"ಇದೆ. ಮುಟ್ಟೋ ಹಾಗಿಲ್ಲ" ಎಂದ ಯಾಗಪ್ಪ.

"ನಾನೆಲ್ಲಿ ಮುಟ್ತೀನಿ? ಮಡಕೆ ಮುಟ್ಟುತ್ತೆ" ಎಂದು ಹೇಳಿ ಅವಳು ನಡೆದೇಬಿಟ್ಟಳು.

ಬಾವಿಯ ಹಗ್ಗ ಶಿಲುಬೆಯ ಬುಡದಲ್ಲಿತ್ತು. ಅದನ್ನು ಅವಳು ಕೇಳಲೂ ಇಲ್ಲ. ಮನೆಯಲ್ಲಿ ಅರ್ಧ ಹೊಸೆದ ಹೊಸ ಹಗ್ಗವಿತ್ತು. ಅದನ್ನೂ ಮಗುಚಿಟ್ಟಿದ್ದ ಮಡಕೆಯನ್ನೂ ತಂದಳು. ಕವೆಗೋಲಿನಿಂದ ಕಾರೆ ಮುಳ್ಳನ್ನು ಎಳೆದು ಹಾಕುವಾಗ ತೋಳೆಲ್ಲ ಗೀರಿತು. ಅಷ್ಟು ಹೊತ್ತಿಗೆ ಉಪ್ಪಿನವನು ಬಾವಿಯ ಕಟ್ಟೆಗೊರಗಿ ಕುಸಿದಿದ್ದ. ಬಾಯಾರಿ ಸೋತವನಿಗೆ ಒಮ್ಮೆಗೇ ಕುಡಿಸಬಾರದೆಂದು ಬಲ್ಲವಳಾದ್ದರಿಂದ ಮೊದಲು ಸೆರಗಿನ ತುದಿ ಒದ್ದೆ ಮಾಡಿ ಅವನ ತುಟಿಗೆ ಹಿಂಡಿದಳು. ಆಮೇಲೆ ಬೊಗಸೆಯಲ್ಲಿ, ಆಮೇಲೆ ಮಡಕೆಯಲ್ಲಿ. ಅವನು ಕಣ್ಣು ಬಿಟ್ಟು ಮೊದಲು ಕೇಳಿದ್ದು ಕತ್ತೆಗಳನ್ನು. ಹಗ್ಗ ಗಿಡ್ಡವಾದ್ದರಿಂದ ಅವಳು ಪ್ರತಿ ಸಲ ಕಟ್ಟೆಯ ಮೇಲೆ ಹೊಟ್ಟೆಯೂರಿ ಬಾಗಿ ಸೇದಬೇಕಾಯಿತು. ಹಾಗೆ ಬಾಗಿ ಬಾಗಿ ನಾಲ್ಕು ಕತ್ತೆಗಳಿಗೂ ಕುಡಿಸಿದಳು. ಹೊರಡುವಾಗ ಅವನು ಒಂದು ಬೊಗಸೆ ಉಪ್ಪು ಕೊಟ್ಟ. ಅದರಲ್ಲಿ ಮರಳು ಬೆರೆತಿತ್ತು ಎಂದು ಅವಳು ಕೊನೆಯವರೆಗೂ ಹೇಳುತ್ತಿದ್ದಳಂತೆ. ಇಷ್ಟೆಲ್ಲ ಮಾಡಿ, ಕೈ ಮೊಣಕೈವರೆಗೆ ನೀರಾಗಿದ್ದರೂ, ಅವಳು ಒಂದು ಹನಿ ಬಾಯಿಗೆ ಹಾಕಲಿಲ್ಲ. ಯಾಕೆಂದು ಯಾರೋ ಕೇಳಿದಾಗ, "ನನಗೆ ಉಪವಾಸವಲ್ಲವೇ? ಅವನಿಗಲ್ಲವಲ್ಲ" ಎಂದಳಂತೆ. ಮಡಕೆಯನ್ನು ಮಗುಚಿಟ್ಟು, ಮುಳ್ಳನ್ನು ಮತ್ತೆ ಎಳೆದು ಮುಚ್ಚಿ, ಗುಡಿಗೆ ಹಿಂತಿರುಗಿ ಬಂದಳು. ಬಾಗಿಲು ಹಾಕಿತ್ತು.

ಪಾಸ್ಕ ಹಬ್ಬದ ದಿನ ಪಂಚಾಯಿತಿ ಸೇರಿತು. ಸಾವಿನಿಂದ ಎದ್ದ ಸ್ವಾಮಿಗೆ ಬೆಳಿಗ್ಗೆ ಹಾಡು ಹೇಳಿದ ಬಾಯಿಗಳೇ ಮಧ್ಯಾಹ್ನ ತೀರ್ಪು ಹೇಳಿದವು. ಆಗತಮ್ಮ ತಲೆಗೆ ಕಾರೆ ಮುಳ್ಳಿನ ಕಿರೀಟ ಇಟ್ಟುಕೊಂಡು ಗುಡಿಯ ಹೊಸ್ತಿಲ ಹೊರಗೆ ಮೊಣಕಾಲೂರಿ, ತಾನು ಮಾಡಿದ್ದು ಪಾಪ ಎಂದು ಮೂರು ಸಲ ಹೇಳಬೇಕು. ಅವಳು ಕಿರೀಟ ಇಟ್ಟುಕೊಳ್ಳಲು ಒಪ್ಪಿದಳು. ಮೊಣಕಾಲೂರಲು ಒಪ್ಪಿದಳು. "ಮಾತು ಮಾತ್ರ ಬಾಯಲ್ಲಿ ಬರ್ತಿಲ್ಲ, ಯಜಮಾನ್ರೇ. ಎಳನೀರು ಕುಡಿದ್ರೆ ಬಂದೀತೇನೋ" ಎಂದಳು. ಅಲ್ಲಿಗೆ ಮುಗಿಯಿತು. ಅವಳಿಗೆ ಗುಡಿ ಇಲ್ಲ, ಬಾವಿ ಇಲ್ಲ, ಬೆಂಕಿ ಕೊಡುವವರಿಲ್ಲ, ಸತ್ತರೆ ಗಂಡನ ಪಕ್ಕದ ಆ ತಂಗಡಿ ಗಿಡದ ಜಾಗವೂ ಇಲ್ಲ ಎಂದು ಸಾರಿದರು. ತಾನೇ ಹಗ್ಗ ಹೊಸೆದ ಬಾವಿಯ ಮುಂದೆ ಹಾದು, ದಿನವೂ ಆರು ಮೈಲಿ ನಡೆದು, ತೊರೆಪಾಳ್ಯದ ಒಣ ತೊರೆಯ ಮರಳಿನಲ್ಲಿ ಗುಂಡಿ ತೋಡಿ, ಬೊಗಸೆ ಬೊಗಸೆಯಾಗಿ ಒಸರಿದ ನೀರನ್ನು ತಂದು ಅವಳು ಬದುಕಿದಳು.

ಹೀಗೆ ಹೋಗಿ ಬರುವಾಗ ತೊರೆಪಾಳ್ಯದವರು ಕೇಳದೆ ಇರುತ್ತಾರೆಯೇ? ಕೇಳಿದರು, ಅವಳು ಹೇಳಿದಳು. ತೊರೆಪಾಳ್ಯದವರಿಗೆ ಹಬ್ಬವೇ ಆಯಿತು. ಸಂತೆಯಲ್ಲಿ ಕಾರೆಪಾಳ್ಯದವರನ್ನು ಕಂಡರೆ ಸೋರೆ ಬುರುಡೆಯಲ್ಲಿ ನೀರು ತೋರಿಸಿ, "ಗಂಟೆ ಹೊಡೀತಾ? ಕುಡೀಬಹುದಾ?" ಎಂದು ಕೇಳತೊಡಗಿದರು. ಈ ಕತೆ ಗುರುಗಳ ಕಿವಿಗೂ ಬೀಳುವುದು ಖಂಡಿತವಾಯಿತು. ಪರಮ ಪ್ರಸಾದದ ಹಬ್ಬಕ್ಕೆ ಅವರು ಬರುವವರಿದ್ದರು. ಬಾಯಾರಿದವನನ್ನು ಓಡಿಸಿದ ಊರು ಎಂಬ ಹೆಸರು ಹೊತ್ತು ಅವರ ಮುಂದೆ ನಿಲ್ಲುವುದು ಹೇಗೆ? ಯಜಮಾನನಿಗೆ ಇದು ಚಿಂತೆಯಾಯಿತು. ಮಾಡಿದ್ದರ ಬಗ್ಗೆ ಅವನಿಗೆ ಚಿಂತೆಯಿರಲಿಲ್ಲ, ಗೊತ್ತಾದದ್ದರ ಬಗ್ಗೆ ಇತ್ತು.

ಉಪಾಯ ಹೂಡಿದವನು ಉಪದೇಶಿ. ಅವನು ಒಂದು ಭಾನುವಾರ ಪ್ರಾರ್ಥನೆ ಮುಗಿಸಿ, ಪುಸ್ತಕ ಮುಚ್ಚಿ, ಮೆಲ್ಲಗೆ, "ಕತ್ತೆಯ ಜೊತೆ ಬಂದವರು ಯಾರು? ಯೋಚನೆ ಮಾಡಿ" ಎಂದನಂತೆ. ಜನ ಯೋಚನೆ ಮಾಡಿದರು. ಗರಿಗಳ ಭಾನುವಾರ ಕತ್ತೆ ಏರಿ ಪಟ್ಟಣ ಹೊಕ್ಕವರು ಯಾರು? ಶುಕ್ರವಾರ ಬಾಯಾರಿದವರು ಯಾರು? ಒಬ್ಬ ಹೆಂಗಸು ಕಿರುಚಿ ಮೂರ್ಛೆ ಹೋದಳು. ಅಂದಿನಿಂದ ಆ ಉಪ್ಪಿನವನು ದಿನದಿಂದ ದಿನಕ್ಕೆ ಬೆಳೆಯತೊಡಗಿದ. ನಾಲ್ಕು ಕತ್ತೆ ಹೋಗಿ ಒಂದೇ ಆಯಿತು, ಅದೂ ಬೆಳ್ಳಗಾಯಿತು. ಉಪ್ಪಿನ ಗೋಣಿಗಳು ಮಾಯವಾದವು. ಅವನನ್ನು ನೋಡಿ ನಕ್ಕವನೇ, ಆಗ ತನ್ನ ಮೈ ಜುಂ ಎಂದಿತ್ತು ಎಂದು ಹೇಳಿಕೊಂಡು ತಿರುಗಿದ. ತಲೆಯ ಹಿಂದೆ ಬೆಳಕು ಕಂಡವರು ಮೊದಲು ಇಬ್ಬರು, ವಾರದೊಳಗೆ ಹದಿನಾರು. ಸ್ವಾಮಿ ನಮ್ಮನ್ನು ಪರೀಕ್ಷಿಸಲು ಬಂದರು, ಒಬ್ಬ ವಿಧವೆಯ ಕೈಯಿಂದ ಊರಿಗೇ ಪುಣ್ಯ ಸಿಕ್ಕಿತು ಎಂದು ತೀರ್ಮಾನವಾಯಿತು. ಬಾವಿಯ ಕಟ್ಟೆಗೆ ಸುಣ್ಣ ಬಳಿದರು. ಗುರುಗಳು ಬಂದಾಗ ಅದನ್ನು ಆಶೀರ್ವದಿಸಿ ಸ್ವಾಮಿಬಾವಿ ಎಂದು ಹೆಸರಿಡಬೇಕು, ಪಕ್ಕದಲ್ಲೊಂದು ಚಿಕ್ಕ ಗುಡಿ ಕಟ್ಟಬೇಕು. ಅಂಥ ಬಾವಿ ತೊರೆಪಾಳ್ಯಕ್ಕೆ ಏಳು ಜನ್ಮಕ್ಕೂ ಸಿಗದು. ಇದೆಲ್ಲಕ್ಕೂ ಒಂದೇ ಒಂದು ಕೊರತೆ. ಬಂದವರನ್ನು ಹತ್ತಿರದಿಂದ ಕಂಡವಳು ಆಗತಮ್ಮ ಒಬ್ಬಳೇ. ಅವಳು ಹೌದು ಎನ್ನಬೇಕು.

ಯಜಮಾನ ಯಾಗಪ್ಪ, ಅವನ ಜೀವಮಾನದಲ್ಲಿ ಮೊದಲ ಸಲ, ಆಗತಮ್ಮನ ಗುಡಿಸಲಿನ ಮುಂದೆ ಹೋಗಿ ನಿಂತ. ಉಪದೇಶಿಯೂ ಜೊತೆಗಿದ್ದ. ಅವಳು ಕಾಲಬೆರಳಿಗೆ ನಾರು ಸಿಕ್ಕಿಸಿಕೊಂಡು ಹೊಸೆಯುತ್ತ ಕುಳಿತಿದ್ದಳು. ಏಳಲಿಲ್ಲ.

"ಆಗತಮ್ಮಾ, ತಾಯೀ" ಎಂದ ಯಾಗಪ್ಪ. "ಅವತ್ತು ಬಂದಿದ್ದವರ ಅಂಗೈಯಲ್ಲಿ ಗಾಯ ಇತ್ತಾ?"

"ಇತ್ತು."

ಇಬ್ಬರೂ ಶಿಲುಬೆಯ ಗುರುತು ಹಾಕಿಕೊಂಡರು.

"ಕತ್ತೆ ಹಗ್ಗ ಎಳೆದೂ ಎಳೆದೂ ಆಗಿದ್ದು" ಎಂದಳು ಆಗತಮ್ಮ. "ಎಣ್ಣೆ ಹಚ್ಕೋ ಅಂತ ಹೇಳಿದೆ."

"ಪಕ್ಕೆಯಲ್ಲಿ?" ಎಂದ ಉಪದೇಶಿ.

"ಗಂಡಸಿನ ಪಕ್ಕೆ ನೋಡೋ ವಯಸ್ಸಾ ನನ್ದು?"

"ಏನಾದರೂ ದೈವಿಕವಾದ ಮಾತು ಹೇಳಿದರಾ, ಅಮ್ಮಾ? ನೆನಪು ಮಾಡಿಕೋ."

"ಹೇಳಿದ. ಅಕ್ಕಾ, ಆ ಕರೀ ಕತ್ತೆ ಒದೆಯುತ್ತೆ, ಅದರ ಹಿಂದೆ ನಿಂತ್ಕೋಬೇಡ ಅಂದ. ಮುನಿಗ ಅಂತ ಅವನ ಹೆಸರು. ಮಳೆ ಮುಗಿದ ಮೇಲೆ ಮತ್ತೆ ಬರ್ತೀನಿ ಅಂದಿದ್ದಾನೆ. ಬೇಕಾದ್ರೆ ನೀವೇ ಕೇಳಿ."

ಯಾಗಪ್ಪನಿಗೆ ತಾಳ್ಮೆ ತಪ್ಪಿತು. ಅವಳು ಸ್ವಾಮಿಯನ್ನು ಕಂಡೆ ಎಂದು ಗುರುಗಳ ಮುಂದೆ ಹೇಳಿದರೆ ಬಹಿಷ್ಕಾರ ಅಂದೇ ಹೋಗುತ್ತದೆ, ಗುಡಿಯಲ್ಲಿ ಮೊದಲ ಸಾಲಿನಲ್ಲಿ ಚಾಪೆ, ಮೊದಲ ಸತ್ಪ್ರಸಾದ, ಗಂಡನ ಪಕ್ಕದ ಜಾಗ ಎಲ್ಲವೂ ಸಿಗುತ್ತದೆ ಎಂದು ಹೇಳಿದ. ಹೇಳದಿದ್ದರೆ ಅವಳ ಹೆಣ ಹೊರುವವರಿಲ್ಲ. "ಒಬ್ಬ ಉಪ್ಪು ಮಾರೋನಿಗೋಸ್ಕರ ಈ ಊರೆಲ್ಲ ತಲೆ ತಗ್ಗಿಸಬೇಕೇನೇ?" ಎಂದು ಕೂಗಿದ.

"ಅವನಿಗೆ ತಗ್ಗದ ತಲೆ ಬೇರೆ ಯಾರಿಗೆ ತಗ್ಗಿದ್ರೂ ಅದು ತೂಕಡಿಕೆ, ಯಜಮಾನ್ರೇ" ಎಂದು ಅವಳು ಹಗ್ಗದ ಎಳೆ ಎಳೆದು ಗಂಟು ಹಾಕಿದಳು.

ಅವಳಿಗೆ ಆಸೆಯಾಗಲಿಲ್ಲ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಗುರುಗಳು ಹಿಂದಿನ ಸಲ ಬಂದಿದ್ದ ಕ್ರಿಸ್ತಜಯಂತಿಯಿಂದ ಅವಳು ಅವರ ಕೈಯಿಂದ ಸತ್ಪ್ರಸಾದ ಸ್ವೀಕರಿಸಿರಲಿಲ್ಲ. ಮರುದಿನ ತೊರೆಗೆ ನೀರಿಗೆ ಹೋದವಳು ಗುಂಡಿಯ ಪಕ್ಕದಲ್ಲಿ ಬಹಳ ಹೊತ್ತು ಕುಳಿತೇ ಇದ್ದಳಂತೆ. ಒಂದು ಮಾತು ತಾನೆ. ಅದೂ ದೇವರ ಹೆಸರನ್ನು ದೊಡ್ಡದು ಮಾಡುವ ಮಾತು. ಹೇಳಿದರೆ ಯಾರಿಗೆ ನಷ್ಟ? ಆ ಮುನಿಗನಿಗೆ ತಿಳಿಯುವುದೂ ಇಲ್ಲ. ತೊರೆಪಾಳ್ಯದ ಹೆಂಗಸೊಬ್ಬಳು ಅವಳನ್ನು ನೋಡಿ ಏನು ಯೋಚನೆ ಎಂದು ಕೇಳಿದಾಗ ಅವಳು, "ನಾನು ಹೌದು ಅಂದರೆ ಇನ್ನು ಮೇಲೆ ಈ ಊರಿಗೆ ಬಾಯಾರಿ ಬಂದೋರನ್ನೆಲ್ಲ ಮೊದಲು ಅಂಗೈ ತೋರಿಸು ಅಂತಾರೆ ಕಣಮ್ಮ" ಎಂದಳಂತೆ. ಅಷ್ಟೇ ಹೇಳಿ ಮಡಕೆ ಹೊತ್ತುಕೊಂಡು ಎದ್ದಳು.

ಗುರುಗಳು ಬಂದರು. ಸಮುದ್ರದಾಚೆಯವರು, ಬಿಳಿಗಡ್ಡದವರು, ಕನ್ನಡವನ್ನು ಪುಸ್ತಕದಿಂದ ಕಲಿತವರು. ಸುಣ್ಣ ಬಳಿದು ಹೂಮಾಲೆ ಹಾಕಿದ್ದ ಬಾವಿಯ ಮುಂದೆ ಅವರಿಗೆ ಕುರ್ಚಿ ಹಾಕಿದರು. ಉಪದೇಶಿ ದರ್ಶನದ ಕತೆಯನ್ನು ರಾಗವಾಗಿ ಹೇಳಿದ. ಬೆಳಕು ಕಂಡವರು ಒಬ್ಬೊಬ್ಬರಾಗಿ ಸಾಕ್ಷಿ ನುಡಿದರು. ಗುರುಗಳು ಎಲ್ಲವನ್ನೂ ಕೇಳಿ, "ನೀರು ಕೊಟ್ಟ ಸ್ತ್ರೀ ಎಲ್ಲಿ?" ಎಂದರು. ದಾರಿಯ ಆಚೆ ನಿಂತಿದ್ದ ಆಗತಮ್ಮನನ್ನು ಕರೆದರು.

"ಅಮ್ಮಾ, ನಿನ್ನ ಕೈಯಿಂದ ನೀರನ್ನು ಕುಡಿದವರು ಯಾರು?"

ಅವಳು ಒಮ್ಮೆ ಗುಡಿಯ ಹಿಂದಿನ ಸಮಾಧಿ ತೋಟದ ಕಡೆ ನೋಡಿದಳು. "ಮುನಿಗ ಅಂತ, ಸ್ವಾಮಿ. ಉಪ್ಪು ಮಾರ್ತಾನೆ. ಅಳತೆ ಸ್ವಲ್ಪ ಕಡಿಮೆ" ಎಂದಳು.

"ಅವಳಿಗೆ ಗುರುತು ಸಿಕ್ಕಿಲ್ಲ, ಸ್ವಾಮಿ" ಎಂದು ಉಪದೇಶಿ ನಡುವೆ ಬಾಯಿ ಹಾಕಿದ.

"ನಿಮಗೆ ಸಿಕ್ಕಿತ್ತಾ, ಉಪದೇಶಿಗಳೇ? ನಿಮ್ಮ ಎದುರಿಗೇ ನಿಂತಿದ್ದನಲ್ಲ" ಎಂದಳು ಆಗತಮ್ಮ.

ಗುರುಗಳು ಯಜಮಾನನ ಕಡೆ ತಿರುಗಿದರು. "ಬಂದವರು ಸ್ವಾಮಿಯೇ ಎಂದು ತಿಳಿದಿದ್ದರೆ ನೀವು ನೀರನ್ನು ಕೊಡುತ್ತಿದ್ದಿರೋ?"

"ಕೊಡದೆ ಇರ್ತಿದ್ವಾ, ಸ್ವಾಮಿ! ಬೆಳ್ಳಿ ಚೆಂಬಿನಲ್ಲಿ ಕೊಡ್ತಿದ್ದೆ" ಎಂದ ಯಾಗಪ್ಪ ಉತ್ಸಾಹದಿಂದ.

"ಹಾಗಾದರೆ ನೀವು ನೀರನ್ನು ಕೊಡುವುದು ಬಾಯಾರಿಕೆಗಲ್ಲ, ಹೆಸರಿಗೆ" ಎಂದರು ಗುರುಗಳು. ಆ ಊರಿನ ತಲೆಗಳು ಕೊನೆಗೂ ತಗ್ಗಿದ್ದು ಆಗ. ಪಶ್ಚಾತ್ತಾಪದಿಂದಲೋ, ಸಿಕ್ಕಿಬಿದ್ದದ್ದರಿಂದಲೋ, ಅದನ್ನು ಅಳೆಯುವವನು ನಾನಲ್ಲ. ಆದರೆ ಅಳೆಯಲು ಬಹಳ ದೊಡ್ಡ ಕೊಳಗ ಬೇಕಾಗುತ್ತಿರಲಿಲ್ಲ ಎಂದು ಇನ್ನಾಸಪ್ಪನವರು ಹೇಳುತ್ತಿದ್ದರು. ಗುರುಗಳು ಎದ್ದು ತಾವೇ ಬಾವಿಯ ಹೂಮಾಲೆ ತೆಗೆದು ಕತ್ತಿನಿಂದ ಇಳಿಸಿದ ಹೊರೆಯಂತೆ ಪಕ್ಕಕ್ಕಿಟ್ಟರು. ಆಶೀರ್ವಾದದ ತೀರ್ಥ ಚಿಮುಕಿಸುವ ಮೊದಲು, ಯಾವ ಹೆಸರಿಡಲಿ ಎಂದು ಆಗತಮ್ಮನನ್ನು ಕೇಳಿದರು.

"ಯಾರು ಕುಡಿದ್ನೋ ಅವನದೇ ಇರಲಿ, ಸ್ವಾಮಿ" ಎಂದಳು ಅವಳು. ಉಪ್ಪಿನವನ ಬಾವಿ ಎಂದೇ ಆಯಿತು. ಮೇಲುಜಾತಿ ಕೀಳುಜಾತಿ, ನಮ್ಮವನು ಹೊರಗಿನವನು ಎಂದು ನೋಡದೆ, ಜಪ ಬಾರದ, ಶಿಲುಬೆಯ ಗುರುತು ಹಾಕಲೂ ಬಾರದ, ಅಳತೆಯಲ್ಲಿ ಮೋಸ ಮಾಡುವ ಒಬ್ಬ ದಾರಿಹೋಕನ ಹೆಸರು ಗುಡಿಯ ಎದುರಿನ ಬಾವಿಗೆ ನಿಂತಿತು. ಇನ್ನು ಮುಂದೆ ಶುಭ ಶುಕ್ರವಾರ ಬೆಳಗಿನಿಂದ ಸಂಜೆಯವರೆಗೆ ಯಜಮಾನನ ಮನೆಯವರು ತಾವು ಉಪವಾಸವಿದ್ದು, ಹಗ್ಗ ಮಡಕೆ ಹಿಡಿದು ಬಾವಿಯ ಬಳಿ ನಿಂತು, ದಾರಿಯಲ್ಲಿ ಬಂದವರಿಗೆಲ್ಲ ನೀರು ಸೇದಿ ಕೊಡಬೇಕೆಂದು ಗುರುಗಳು ವಿಧಿಸಿದರು. ಪೂಜೆಗೆ ಗಂಟೆ ಹೊಡೆದಾಗ ಮೊದಲ ಸಾಲಿನಲ್ಲಿ ಆಗತಮ್ಮನಿಗಾಗಿ ಚಾಪೆ ಹಾಸಿತ್ತು. ಅವಳು ಅದರ ಕಡೆ ಹೋಗದೆ, ಬಾಗಿಲ ಬಳಿ ತನ್ನ ಜಾಗದಲ್ಲಿಯೇ ಕುಳಿತಳು. ಸತ್ಪ್ರಸಾದಕ್ಕೆ ಕೊನೆಯಲ್ಲಿ ಎದ್ದು ಹೋದಳು. ಆಗ ಅವಳು ಅತ್ತಳು ಎನ್ನುತ್ತಾರೆ. ಆ ಊರಿನಲ್ಲಿ ನೋಡುವವರಿಗಾಗಿ ಅಲ್ಲದೆ ಅತ್ತ ಮೊದಲ ಅಳು ಅದಿರಬೇಕು. ಆಮೇಲೆ ಹನ್ನೊಂದು ವರ್ಷ ಬದುಕಿ ಗಂಡನ ಪಕ್ಕದಲ್ಲಿಯೇ ಮಣ್ಣಾದಳು.

ಮಳೆ ಮುಗಿದ ಮೇಲೆ ಮುನಿಗ ನಿಜವಾಗಿಯೂ ಬಂದ. ಬಾವಿಗೆ ತನ್ನ ಹೆಸರೆಂದು ಕೇಳಿ, ತನ್ನಿಂದ ಸುಂಕ ಕೀಳಲು ಹೂಡಿದ ಆಟವೆಂದು ತಿಳಿದು ಹೆದರಿದನಂತೆ. ಗುರುಗಳು ಅಷ್ಟು ಹೇಳಿದ ಮೇಲೂ ಕೆಲವರು ಮನಸ್ಸಿನಲ್ಲಿ ಹಳೆಯದನ್ನೇ ಇಟ್ಟುಕೊಂಡಿದ್ದರು. ಅವನು ಉಪ್ಪು ಅಳೆಯುತ್ತಿದ್ದಾಗ ಉಪದೇಶಿ ಸಂತಿಯಪ್ಪ ಯಾರಿಗೂ ಕಾಣದಂತೆ ಹೋಗಿ ಕರೀ ಕತ್ತೆಯ ಬೆನ್ನ ಹಿಂದೆ ನಿಂತು, ಅದರ ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಮುಂದಿನ ಎರಡು ಹಲ್ಲು ಹೋದವು. ಅಂದಿನಿಂದ ಅವನು ರಾಗವಾಗಿ ಓದುವುದು ನಿಂತಿತು.

ಸ್ವಾಮಿ ಅಂದು ಅಲ್ಲಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಎಲ್ಲಿದ್ದರು ಎಂಬುದು ಆತನಿಗೆ ಗೊತ್ತು, ಆಗತಮ್ಮನಿಗೂ ಗೊತ್ತಿತ್ತೆಂದು ನನ್ನ ನಂಬಿಕೆ. ಆದರೆ ಆತನನ್ನು ಪೂಜಿಸಲು ಆತನೇ ವೇಷ ಹಾಕಿ ಬರಬೇಕು ಎನ್ನುವವರು ಆತನನ್ನಲ್ಲ, ತಮ್ಮ ಅದೃಷ್ಟವನ್ನು ಪೂಜಿಸುತ್ತಾರೆ. ಅಂಥವರು ಈಗಲೂ ಕಡಿಮೆಯಾಗಿಲ್ಲ. ಪಟ್ಟಣಗಳಿಂದ ವ್ಯಾನು ಮಾಡಿಕೊಂಡು ಬರುತ್ತಾರೆ. ಇಲ್ಲಿ ಯಾರ ದರ್ಶನವಾಯಿತು ಎಂದು ಕೇಳುತ್ತಾರೆ. ಯಾರದೂ ಆಗಲಿಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ಕೆಲವರು ಬಾಟಲಿಯಲ್ಲಿ ನೀರು ತುಂಬಿ ಮನೆಯ ಪೀಠದ ಮೇಲಿಡಲು ಒಯ್ಯುತ್ತಾರೆ. ವ್ಯಾನಿನ ಡ್ರೈವರಿಗೆ ಕುಡಿಯಲು ಬೇಕೇ ಎಂದು ಕೇಳಿದವರನ್ನು ನಾನು ಇಷ್ಟು ವರ್ಷದಲ್ಲಿ ಇಬ್ಬರನ್ನು ನೋಡಿದ್ದೇನೆ. ಅಮೃತಶಿಲೆಯ ಪ್ರತಿಮೆ ನಿಲ್ಲಿಸಿಕೊಡುತ್ತೇವೆಂದು ಬಂದವರೂ ಇದ್ದಾರೆ. ಬೇಡವೆಂದು ಕಳುಹಿಸಿದೆವು.

ಆದ್ದರಿಂದ ಇಂದಿಗೂ ಬಂದವರಿಗೆ ಇಲ್ಲಿ ಕಾಣಸಿಗುವುದು ಬಹಳ ಕಡಿಮೆ. ಬಾವಿಯ ಮೇಲೆ ಶಿಲುಬೆ ಇಲ್ಲ, ಫಲಕವಿಲ್ಲ, ಮುಚ್ಚಳವಂತೂ ಇಲ್ಲವೇ ಇಲ್ಲ. ಪಕ್ಕದಲ್ಲಿ, ಮನುಷ್ಯರಿಗೆ ಅಲ್ಲ, ಕತ್ತೆಯ ಮೂತಿಗೆ ಸರಿಯಾದ ಎತ್ತರದಲ್ಲಿ ಕೊರೆದ ಒಂದು ಕಲ್ಲುಬಾನಿ ಇದೆ. ಕತ್ತೆಗಳು ಈಗ ಬರುವುದಿಲ್ಲ, ನಾಯಿ ಮೇಕೆಗಳು ಕುಡಿಯುತ್ತವೆ. ಶುಭ ಶುಕ್ರವಾರ ಬಂದರೆ ಯಾಗಪ್ಪನ ವಂಶದವರು ಒಣಗಿದ ಬಾಯಲ್ಲಿ ನೀರು ಸೇದುತ್ತ ನಿಂತಿರುವುದನ್ನು ನೋಡಬಹುದು. ಬಸ್ಸು ನಿಂತರೆ ಕಿಟಕಿಗೆ ಚೆಂಬು ಹಿಡಿಯುತ್ತಾರೆ. ಅವರಲ್ಲಿ ಯಾರೂ ಹೆಸರು ಕೇಳುವುದಿಲ್ಲ.

ಓದಿದವರಲ್ಲಿ ನನ್ನದೊಂದು ಕೋರಿಕೆ. ಈ ಕತೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಮನೆಯಲ್ಲಿ ಹೇಳಿ, ದಾರಿಯಲ್ಲಿ ಹೇಳಿ. ಹೇಳುವಾಗ ಯಾರಾದರೂ ಕಣ್ಣರಳಿಸಿ, "ಅವರು ನಿಜವಾಗಿ ಯಾರಾಗಿದ್ದರು?" ಎಂದು ಕೇಳಿಯೇ ಕೇಳುತ್ತಾರೆ. ಆಗ ದಯವಿಟ್ಟು, ಉಪ್ಪು ಮಾರುವವನು, ಬಾಯಾರಿದ್ದ, ಎಂದಷ್ಟೇ ಹೇಳಿ ಮುಗಿಸಿ.